ರಾಜ್ಯಶಾಸ್ತ್ರದಲ್ಲಿ ಎಂಎ ಮಾಡುವ ಆಸೆ: ಎಲ್ಲಿ, ಯಾವ ಮಾಧ್ಯಮದಲ್ಲಿ, ಆಮೇಲೆ ಏನು?

ಕುಮದ್ವತಿ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯವಳು. ಇಲ್ಲೇ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎ ಕೊನೆಯ ವರ್ಷ ಓದುತ್ತಿದ್ದೇನೆ. ಇತಿಹಾಸ ಮತ್ತು ರಾಜ್ಯಶಾಸ್ತ್ರ ನನ್ನ ವಿಷಯ. ಒಂದನೇ ಕ್ಲಾಸಿನಿಂದ ಕನ್ನಡ ಮಾಧ್ಯಮ.

ಎಂಎ ರಾಜ್ಯಶಾಸ್ತ್ರ ಮಾಡಬೇಕು ಅಂತ ಬಹಳ ಆಸೆ ಇದೆ. ಬೊಮ್ಮಾಯಿ ಪ್ರಕರಣದ ಪಾಠ ಆದ ಮೇಲೆ ಈ ವಿಷಯ ನನ್ನನ್ನು ಬಿಟ್ಟೇ ಇಲ್ಲ. 1989ರಲ್ಲಿ ಕೇಂದ್ರದವರು ನಮ್ಮ ರಾಜ್ಯದ ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದರು, 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಬಹುಮತ ಇದೆಯೋ ಇಲ್ಲವೋ ಅನ್ನೋದು ಸದನದಲ್ಲೇ ತೀರ್ಮಾನ ಆಗಬೇಕು ಅಂದರು. ಇಲ್ಲಿ ನಡೆದ ಒಂದು ಘಟನೆ ಇಡೀ ದೇಶದ ಒಕ್ಕೂಟ ವ್ಯವಸ್ಥೆಯನ್ನೇ ಬದಲಿಸಿತು ಅಲ್ವಾ. ಇಂಥದ್ದನ್ನು ಇನ್ನೂ ಆಳವಾಗಿ ಓದಬೇಕು ಅನ್ನಿಸುತ್ತದೆ.

ಮನೆಯಲ್ಲಿ ಮಾತ್ರ "ಬಿ.ಎಡ್ ಮಾಡು, ಬೇಗ ಕೆಲಸಕ್ಕೆ ಸೇರಬಹುದು" ಅಂತಾರೆ. ಸೀನಿಯರ್‌ಗಳು "ಎಂಎ ಮಾಡಿದವರೆಲ್ಲ ಅತಿಥಿ ಉಪನ್ಯಾಸಕರಾಗಿ ಒದ್ದಾಡ್ತಿದ್ದಾರೆ" ಅಂತ ಹೆದರಿಸುತ್ತಾರೆ. ಧಾರವಾಡ ಹತ್ತಿರ. ಆದರೆ ಹೊರಗಡೆಯೂ ಅರ್ಜಿ ಹಾಕಬೇಕಾ? ಕನ್ನಡ ಮಾಧ್ಯಮದವರು ಅಲ್ಲಿ ನಿಭಾಯಿಸಬಹುದಾ? ಈ ದಾರಿಯಲ್ಲಿ ಹೋದವರು ಇದ್ದದ್ದು ಇದ್ದಂತೆ ಹೇಳಿ.

ಹಳೇ ಹಾಸ್ಟೆಲ್

ಬರೋಬ್ಬರಿ ಸಮಯಕ್ಕೆ ಕೇಳಿದ್ದೀರಿ. ನಾನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಎಂಎ ಮಾಡಿದವನು. ಈಗ ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ.

ಮೊದಲು ಬಿ.ಎಡ್ ವಿಷಯ. ಮನೆಯವರು ಹೇಳೋದು ತಪ್ಪಲ್ಲ. ಆದರೆ ಬಿ.ಎಡ್ ಅಥವಾ ಎಂಎ, ಎರಡರಲ್ಲಿ ಒಂದೇ ಅಂತ ತಿಳಿಯಬೇಡಿ. ಪಿಯು ಉಪನ್ಯಾಸಕರಾಗಲು ಎಂಎಯಲ್ಲಿ ಶೇ. 55 ಅಂಕ ಬೇಕು, ಜೊತೆಗೆ ಬಿ.ಎಡ್ ಕೂಡ ಕೇಳುತ್ತಾರೆ. ಪರಿಶಿಷ್ಟ ವರ್ಗಗಳಿಗೆ ಅಂಕದಲ್ಲಿ ರಿಯಾಯಿತಿ ಇದೆ. ಪದವಿ ಕಾಲೇಜಿಗೆ ಬಿ.ಎಡ್ ಬೇಡ, ಅಲ್ಲಿ ನೆಟ್ ಅಥವಾ ಕೆ-ಸೆಟ್ ಅನ್ನೋ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಹೈಸ್ಕೂಲಿಗೆ ಬಿಎ ಮತ್ತು ಬಿ.ಎಡ್ ಸಾಕು. ಅಂದರೆ ನೀವು ಯಾರಿಗೆ ಪಾಠ ಮಾಡಬೇಕು ಅಂತಿದ್ದೀರಿ ಅನ್ನೋದರ ಮೇಲೆ ದಾರಿ ಬೇರೆ ಆಗುತ್ತದೆ.

ನನ್ನ ಸಲಹೆ ಇಷ್ಟು. ಆಸೆ ಇರುವಾಗಲೇ ಎಂಎ ಮುಗಿಸಿ. ಬಿ.ಎಡ್ ಆಮೇಲೆ ಮಾಡಬಹುದು. ಒಮ್ಮೆ ಬಿ.ಎಡ್ ಮುಗಿಸಿ ಖಾಸಗಿ ಶಾಲೆಗೆ ಸೇರಿಕೊಂಡರೆ, ಮತ್ತೆ ಎರಡು ವರ್ಷ ಬಿಡುವು ಮಾಡಿಕೊಂಡು ಕ್ಯಾಂಪಸ್ಸಿಗೆ ಬರೋದು ಬಹಳ ಕಷ್ಟ. ಹೆಣ್ಣುಮಕ್ಕಳಿಗಂತೂ ಇನ್ನೂ ಕಷ್ಟ. ಅಷ್ಟರೊಳಗೆ ಮನೆಯಲ್ಲಿ ಮದುವೆ ಮಾತು ಶುರುವಾಗಿರುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಅತಿಥಿ

ನಿಮ್ಮ ಸೀನಿಯರ್‌ಗಳು ಹೇಳಿದ ಗುಂಪಿನಲ್ಲಿ ನಾನೂ ಒಬ್ಬ. ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಹೆಸರು ಬೇಡ.

ಕೆಲಸ ಸೆಮಿಸ್ಟರ್ ಲೆಕ್ಕದ್ದು. ರಜೆಯಲ್ಲಿ ಸಂಬಳ ಇಲ್ಲ. ಗೌರವಧನ ತಡವಾಗಿ ಬಂದಾಗ ಮನೆ ಬಾಡಿಗೆಗೆ ಸಾಲ ಮಾಡಬೇಕಾಗುತ್ತದೆ. ಪ್ರತಿ ವರ್ಷ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್. ಕಾಯಂ ನೇಮಕಾತಿ ಯಾವಾಗ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅಧಿಸೂಚನೆ ಬಂತಲ್ಲ, ಅದು ಎಲ್ಲ ವಿಷಯಗಳೂ ಸೇರಿ. ಅದರಲ್ಲಿ ರಾಜ್ಯಶಾಸ್ತ್ರದ ಪಾಲು ಒಂದು ತುಂಡು. ಅಷ್ಟಕ್ಕೆ ರಾಜ್ಯದ ತುಂಬ ಜನ ಕಾದು ಕೂತಿದ್ದರು.

ಇದನ್ನು ಹೇಳುತ್ತಿರೋದು ನೀವು ಎಂಎ ಬಿಡಲಿ ಅಂತಲ್ಲ. ಅತಿಥಿ ಕೆಲಸದಲ್ಲಿ ಸಿಕ್ಕಿಹಾಕಿಕೊಂಡವರಲ್ಲಿ ಬಹಳ ಜನ ಎಂಎ ಮುಗಿಸಿದ ಮೇಲೆ ನೆಟ್‌ಗೆ ಓದಲು ಶುರು ಮಾಡಿದವರು. ಅಷ್ಟೊತ್ತಿಗೆ ವಾರವಿಡೀ ಪಾಠ, ಮೌಲ್ಯಮಾಪನ, ಬಸ್ಸಿನ ಓಡಾಟ. ಓದಲು ಹೊತ್ತೇ ಉಳಿಯಲ್ಲ. ಈಗ ಅತಿಥಿ ಕೆಲಸಕ್ಕೂ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೇಳುವ ಅರ್ಹತೆಯನ್ನು ಗಟ್ಟಿಯಾಗಿ ಕೇಳುತ್ತಿದ್ದಾರೆ. ಹಾಗಾಗಿ ಎಂಎ ಎರಡನೇ ವರ್ಷದಲ್ಲೇ ನೆಟ್ ಮತ್ತು ಕೆ-ಸೆಟ್ ಬರೆಯಿರಿ. ಅಂತಿಮ ವರ್ಷದವರಿಗೂ ಅವಕಾಶ ಇದೆ.

ಮುನಿರ್ಕಾ ಮಹಡಿ

ಕಲಬುರಗಿ ಕಡೆಯವನು, ದೆಹಲಿಯ ಜೆಎನ್‌ಯುನಲ್ಲಿ ಓದುತ್ತಿದ್ದೇನೆ. ನನ್ನದೂ ಕನ್ನಡ ಮಾಧ್ಯಮ. ಹೊರಗಿನ ಅರ್ಜಿ ಬಗ್ಗೆ ಕೇಳಿದ್ದೀರಿ, ಅದಕ್ಕೆ ಉತ್ತರ ಹೇಳುತ್ತೇನೆ.

ಜೆಎನ್‌ಯು, ದೆಹಲಿ ವಿಶ್ವವಿದ್ಯಾಲಯ, ಹೈದರಾಬಾದ್, ಪುದುಚೇರಿ, ಈ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆಲ್ಲ ಸಿಯುಇಟಿ-ಪಿಜಿ ಅನ್ನೋ ಪ್ರವೇಶ ಪರೀಕ್ಷೆ ಬರೆಯಬೇಕು. 75 ಪ್ರಶ್ನೆ, 300 ಅಂಕ. ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಳೆಯುತ್ತಾರೆ. ಕಂಪ್ಯೂಟರ್ ಮುಂದೆ ಕೂತು ಬರೆಯುವ ಪರೀಕ್ಷೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ, ಕನ್ನಡ ಇಲ್ಲ. ಇದು ಅನ್ಯಾಯ ಅಂತ ನಾನು ಈಗಲೂ ಹೇಳುತ್ತೇನೆ. ಪದವಿ ಸೇರಲು ಬರೆಯುವ ಸಿಯುಇಟಿ ಕನ್ನಡದಲ್ಲಿ ಸಿಗುತ್ತದೆ, ಸ್ನಾತಕೋತ್ತರಕ್ಕೆ ಬಂದ ಕೂಡಲೇ ಕನ್ನಡದ ಹುಡುಗರು ಮೂರು ವರ್ಷದಲ್ಲಿ ಇಂಗ್ಲಿಷಿನವರಾಗಿಬಿಡುತ್ತಾರೆ ಅಂತ ಯಾರು ತೀರ್ಮಾನ ಮಾಡಿದರು?

ಅರ್ಜಿ ಸಾಮಾನ್ಯವಾಗಿ ಡಿಸೆಂಬರ್–ಜನವರಿಯ ಹೊತ್ತಿಗೆ ಬರುತ್ತದೆ. ಪರೀಕ್ಷೆ ಮಾರ್ಚ್ ಸುಮಾರಿಗೆ. ನಮ್ಮ ರಾಜ್ಯದ ಹುಡುಗರು ಆರನೇ ಸೆಮಿಸ್ಟರ್ ಮುಗಿದ ಮೇಲೆ ಎಲ್ಲಿ ಸೇರೋದು ಅಂತ ಯೋಚಿಸಲು ಶುರು ಮಾಡುತ್ತಾರೆ, ಅಷ್ಟೊತ್ತಿಗೆ ಈ ಬಾಗಿಲು ಮುಚ್ಚಿರುತ್ತದೆ. ಇನ್ನೊಂದು ತೊಂದರೆ, ನಮ್ಮ ವಿಶ್ವವಿದ್ಯಾಲಯಗಳ ಫಲಿತಾಂಶ ತಡ. ಸೀಟು ಸಿಕ್ಕಿದ ಮೇಲೂ ಅಂಕಪಟ್ಟಿ ಕೊಡಲು ಕೊನೆಯ ದಿನ ಅಂತ ಒಂದಿರುತ್ತದೆ. ಪರೀಕ್ಷಾ ವಿಭಾಗಕ್ಕೆ ಮೊದಲೇ ಹೋಗಿ ಮಾತಾಡಿಟ್ಟುಕೊಳ್ಳಿ.

ಇಲ್ಲಿಗೆ ಬಂದ ಮೇಲೆ ನಿಭಾಯಿಸಬಹುದಾ? ಮೊದಲ ಸೆಮಿಸ್ಟರ್ ಕಷ್ಟ, ಸುಳ್ಳು ಹೇಳಲ್ಲ. ವಾರಕ್ಕೆ ಓದಬೇಕಾದ ಪುಟಗಳು ನೂರಾರು. ತರಗತಿಯಲ್ಲಿ ಹಾಬ್ಸ್, ಗ್ರಾಂಶಿ, ಹಾನಾ ಅರೆಂಟ್ ಅಂತ ಮಾತು ಓಡುತ್ತಿರುತ್ತದೆ, ನಮಗೆ ವಾಕ್ಯ ಹಿಡಿಯೋದರೊಳಗೆ ಮುಂದಿನ ವಿಷಯ ಬಂದಿರುತ್ತದೆ. ಆದರೆ ಇಂಗ್ಲಿಷ್ ಚೆನ್ನಾಗಿ ಬರುವವರೆಲ್ಲ ವಿಷಯ ಅರ್ಥ ಮಾಡಿಕೊಂಡಿರುತ್ತಾರೆ ಅಂತ ಏನಿಲ್ಲ. ಒಂದು ಸಲ ಜಾತಿ ಮತ್ತು ಸ್ಥಳೀಯ ಅಧಿಕಾರದ ಬಗ್ಗೆ ಚರ್ಚೆ ನಡೆದಾಗ, ಭೂನ್ಯಾಯ ಮಂಡಳಿ ಮುಂದೆ ಗೇಣಿದಾರರು ಹೇಗೆ ನಿಲ್ಲುತ್ತಿದ್ದರು ಅಂತ ನಾನು ನನ್ನ ಅಜ್ಜನಿಂದ ಕೇಳಿದ್ದನ್ನು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಪ್ರೊಫೆಸರ್ ಪಾಠ ನಿಲ್ಲಿಸಿ ಅದನ್ನೇ ಮುಂದುವರಿಸಿ ಅಂದರು. ನಮ್ಮ ಹತ್ತಿರ ಇರೋದಕ್ಕೆ ಬೆಲೆ ಇದೆ. ಬರೋದಾದರೆ ಧೈರ್ಯವಾಗಿ ಬನ್ನಿ.

ಚಂದ್ರಗಿರಿ

ಮಧ್ಯೆ ಒಂದು ಮಾತು ಸೇರಿಸುತ್ತೇನೆ. ದೆಹಲಿ ದೂರ ಅಂತ ಮನೆಯಲ್ಲಿ ಒಪ್ಪದಿದ್ದರೆ ಕಾಸರಗೋಡಿನ ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಅಂತರರಾಷ್ಟ್ರೀಯ ಸಂಬಂಧಗಳು ಮತ್ತು ರಾಜಕೀಯ ಅಧ್ಯಯನದ ವಿಭಾಗ ಅಲ್ಲಿದೆ. ಮಂಗಳೂರಿನಿಂದ ರೈಲಿನಲ್ಲಿ ಕಾಸರಗೋಡು ಅಥವಾ ಕಾಞಂಗಾಡಿಗೆ ಬಂದರೆ ಅಲ್ಲಿಂದ ಬಸ್ಸು. ಸುತ್ತಮುತ್ತ ಕನ್ನಡ, ತುಳು ಮಾತಾಡುವವರು ಬೇಕಾದಷ್ಟು ಇದ್ದಾರೆ. ಕೇಶವಾನಂದ ಭಾರತಿ ಪ್ರಕರಣ ಅಂತ ನೀವು ಓದಿರುತ್ತೀರಲ್ಲ, 1973ರದ್ದು, ಸಂವಿಧಾನದ ಮೂಲರಚನೆಯ ತೀರ್ಪು. ಆ ಪ್ರಕರಣ ಹೂಡಿದ ಸ್ವಾಮೀಜಿಯ ಎಡನೀರು ಮಠ ಇರೋದು ನಮ್ಮ ಕಾಸರಗೋಡಿನಲ್ಲೇ. ಸೀಟು ಕಡಿಮೆ, ಪ್ರವೇಶ ಸಿಯುಇಟಿ ಮೂಲಕವೇ.

ಕುಮದ್ವತಿ

ಇಷ್ಟು ಬೇಗ ಇಷ್ಟು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ಬಹಳ ಧನ್ಯವಾದ. @ಅತಿಥಿ ಅವರೇ, ನೆಟ್ ಮತ್ತು ಕೆ-ಸೆಟ್‌ಗೆ ವ್ಯತ್ಯಾಸ ಸರಿಯಾಗಿ ಗೊತ್ತಿಲ್ಲ, ಸ್ವಲ್ಪ ಬಿಡಿಸಿ ಹೇಳುತ್ತೀರಾ? ದೂರಶಿಕ್ಷಣದಲ್ಲಿ ಎಂಎ ಮಾಡುತ್ತಾ ಬಿ.ಎಡ್ ಕೂಡ ಮಾಡಬಹುದು ಅಂತ ಒಬ್ಬರು ಹೇಳಿದರು, ಅದು ನಿಜವಾ?

ಅತಿಥಿ

ನೆಟ್ ಇಡೀ ದೇಶದ್ದು, ಎನ್‌ಟಿಎ (ರಾಷ್ಟ್ರೀಯ ಪರೀಕ್ಷಾ ಸಂಸ್ಥೆ) ನಡೆಸುತ್ತದೆ, ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ. ಒಂದನೇ ಪತ್ರಿಕೆ 50 ಪ್ರಶ್ನೆ, ಎರಡನೇದು ವಿಷಯದ್ದು 100 ಪ್ರಶ್ನೆ. ಒಟ್ಟು 300 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ. ಹಾಜರಾದವರಲ್ಲಿ ಸುಮಾರು ಶೇ. 6ರಷ್ಟು ಜನರನ್ನು ಮಾತ್ರ ಅರ್ಹರು ಅಂತ ಮಾಡುತ್ತಾರೆ. ಇನ್ನೂ ಮೇಲಿನ ಅಂಕ ಬಂದರೆ ಜೆಆರ್‌ಎಫ್, ಅಂದರೆ ಸಂಶೋಧನೆ ಮಾಡಲು ಕೊಡುವ ಫೆಲೋಶಿಪ್. ಅದಕ್ಕೆ ವಯಸ್ಸಿನ ಮಿತಿ 30, ಮಹಿಳೆಯರಿಗೂ ಮೀಸಲಾತಿ ವರ್ಗದವರಿಗೂ 5 ವರ್ಷ ಸಡಿಲಿಕೆ ಇದೆ. ಜೆಆರ್‌ಎಫ್ ಮೊತ್ತ 2023ರ ಪರಿಷ್ಕರಣೆಯಲ್ಲಿ ತಿಂಗಳಿಗೆ 37,000 ರೂಪಾಯಿ ಆಯಿತು, ಮನೆ ಬಾಡಿಗೆ ಭತ್ಯೆ ಬೇರೆ. ಪಿಎಚ್‌ಡಿ ಮಾಡುವ ಬಡ ಮನೆಯ ಮಕ್ಕಳಿಗೆ ಇದು ಜೀವದ ಆಧಾರ.

ಕೆ-ಸೆಟ್ ನಮ್ಮ ರಾಜ್ಯದ್ದು. ಮೊದಲು ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿತ್ತು, 2023ರಿಂದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುತ್ತಿದೆ. ಅದರಲ್ಲಿ ಫೆಲೋಶಿಪ್ ಇಲ್ಲ, ಕರ್ನಾಟಕದಲ್ಲಿ ಪಾಠ ಮಾಡುವ ಅರ್ಹತೆ ಮಾತ್ರ. ಆದರೆ ಪ್ರಶ್ನೆಗಳು ಕನ್ನಡದಲ್ಲೂ ಇರುತ್ತವೆ. ಪಠ್ಯಕ್ರಮ ಎರಡಕ್ಕೂ ಹೆಚ್ಚು ಕಡಿಮೆ ಒಂದೇ. ಹತ್ತು ಘಟಕ. ಅದರಲ್ಲಿ ಭಾರತೀಯ ರಾಜಕೀಯ ಚಿಂತನೆ ನೋಡಿ: ಕೌಟಿಲ್ಯ, ಬೌದ್ಧರ ಅಗ್ಗಞ್ಞ ಸುತ್ತ, ಬರನಿ, ಕಬೀರ, ಪಂಡಿತಾ ರಮಾಬಾಯಿ, ಪೆರಿಯಾರ್, ಅಂಬೇಡ್ಕರ್, ಲೋಹಿಯಾ ಎಲ್ಲ ಇದ್ದಾರೆ. ಬಸವಣ್ಣ ಇಲ್ಲ, ಒಬ್ಬ ವಚನಕಾರರೂ ಇಲ್ಲ. ನನಗೆ ಇದು ಪ್ರತಿ ಸಲ ನೋಯಿಸುತ್ತದೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಾದರೂ ಆ ಜಾಗ ತುಂಬಬೇಕು.

ಒಂದು ಎಚ್ಚರ. ಒಂದನೇ ಪತ್ರಿಕೆಯನ್ನು ಯಾರೂ ಗಂಭೀರವಾಗಿ ತಗೊಳ್ಳಲ್ಲ. ಅಂಕಗಣಿತ, ತರ್ಕ, ಕಂಪ್ಯೂಟರ್, ಸಂಶೋಧನಾ ವಿಧಾನ ಅದರಲ್ಲಿ ಬರುತ್ತದೆ. ಬಿಎ ಓದಿದವರು ಸೋಲೋದು ಅಲ್ಲೇ ಜಾಸ್ತಿ.

ಪಂಚಾಯ್ತಿ ಕಟ್ಟೆ

ದೂರಶಿಕ್ಷಣದ ಪ್ರಶ್ನೆಗೆ ನಾನು ಹೇಳುತ್ತೇನೆ. ಗ್ರಾಮ ಪಂಚಾಯ್ತಿಯಲ್ಲಿ ಪಿಡಿಒ ಕೆಲಸ. ಕೆಲಸದಲ್ಲಿದ್ದುಕೊಂಡೇ ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಎಂಎ ಮುಗಿಸಿದೆ.

ಎರಡು ಪದವಿ ಒಟ್ಟಿಗೆ ಮಾಡಬಹುದು, 2022ರಲ್ಲಿ ಯುಜಿಸಿ ಒಪ್ಪಿದೆ. ಎರಡೂ ರೆಗ್ಯುಲರ್ ಆದರೆ ತರಗತಿ ವೇಳೆ ಡಿಕ್ಕಿ ಹೊಡೆಯಬಾರದು. ಒಂದು ರೆಗ್ಯುಲರ್, ಒಂದು ದೂರಶಿಕ್ಷಣ ಆದರೆ ಆ ತೊಂದರೆ ಇಲ್ಲ. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲೇ ಓದಿ ಬರೆಯಬಹುದು. ನಡುವೆ ಅದರ ಯುಜಿಸಿ ಮಾನ್ಯತೆ ಹೋಗಿ 2018ರಲ್ಲಿ ಮತ್ತೆ ಸಿಕ್ಕಿತು. ಆದ್ದರಿಂದ ಯಾವ ಮುಕ್ತ ವಿಶ್ವವಿದ್ಯಾಲಯವೇ ಇರಲಿ, ಸೇರುವ ವರ್ಷಕ್ಕೆ ಆ ಕೋರ್ಸಿಗೆ ಮಾನ್ಯತೆ ಇದೆಯಾ ಅಂತ ಯುಜಿಸಿಯ ದೂರಶಿಕ್ಷಣ ಮಂಡಳಿಯ ಪಟ್ಟಿಯಲ್ಲಿ ನೋಡಿಯೇ ದುಡ್ಡು ಕಟ್ಟಿ. ಇಗ್ನೋ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಅದರ ಪಾಠದ ಪುಸ್ತಕಗಳು ಇ-ಜ್ಞಾನಕೋಶ ಅನ್ನೋ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಸೇರದೇ ಇದ್ದವರೂ ಓದಬಹುದು. ಸುಲಭ ಇಂಗ್ಲಿಷ್. ನಿಮ್ಮಂಥವರು ಶುರು ಮಾಡಲು ಅದೇ ಒಳ್ಳೆಯ ಜಾಗ.

ಆದರೆ ತಂಗಿ, ನಿಮಗೆ ಮನೆಯಲ್ಲಿ ಕಳಿಸುವ ಮನಸ್ಸು ಒಂಚೂರು ಇದ್ದರೂ ಕ್ಯಾಂಪಸ್ಸಿಗೆ ಹೋಗಿ. ದೂರಶಿಕ್ಷಣದಲ್ಲಿ ಪದವಿ ಸಿಗುತ್ತದೆ, ಮಾತಾಡಲು ಜನ ಸಿಗಲ್ಲ. ರಾಜ್ಯಶಾಸ್ತ್ರ ಒಬ್ಬರೇ ಕೂತು ಓದುವ ವಿಷಯ ಅಲ್ಲ. ವಾದ ಮಾಡಬೇಕು, ನಮ್ಮ ಅಭಿಪ್ರಾಯಕ್ಕೆ ಪೆಟ್ಟು ಬೀಳಬೇಕು.

ಕೋಡ್ ಬಿಟ್ಟವ

ನಾನು ಬಿಇ ಮಾಡಿದವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ನನಗೂ ಎಂಎ ರಾಜ್ಯಶಾಸ್ತ್ರ ಮಾಡುವ ಮನಸ್ಸಿದೆ. ಬಿಎ ಇಲ್ಲದೆ ಸೇರಬಹುದಾ?

ಪಂಚಾಯ್ತಿ ಕಟ್ಟೆ

ಇಗ್ನೋಗೆ ಯಾವ ಪದವಿ ಆದರೂ ನಡೆಯುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲೂ ಹಲವು ಕಡೆ ಹಾಗೇ. ನಮ್ಮ ರಾಜ್ಯದಲ್ಲಿ ಬಹಳ ಕಡೆ ಬಿಎಯಲ್ಲಿ ರಾಜ್ಯಶಾಸ್ತ್ರ ಓದಿರಬೇಕು ಅಂತ ಕೇಳುತ್ತಾರೆ, ಪ್ರವೇಶದ ಅಧಿಸೂಚನೆ ಓದಿ ನೋಡಿ. ನೀತಿ ರೂಪಿಸುವ ಕೆಲಸದ ಕಡೆ ಒಲವು ಇದ್ದರೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಕೋರ್ಸ್ ಇದೆ, ಎರಡು ವರ್ಷದ್ದು. ಶುಲ್ಕ ಜಾಸ್ತಿ.

ಮುಖ್ಯ ಪರೀಕ್ಷೆ

ಐಎಎಸ್‌ಗೆ ಅಂತ ಎಂಎ ಸೇರುವವರಿಗೆ ಒಂದು ಮಾತು. ಯುಪಿಎಸ್‌ಸಿಯಲ್ಲಿ ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು ಅಂತ ಐಚ್ಛಿಕ ವಿಷಯ ಇದೆ. 250 ಅಂಕದ ಎರಡು ಪತ್ರಿಕೆ. ಕನ್ನಡದಲ್ಲೂ ಬರೆಯಬಹುದು. ಎಂಎ ಪಾಠಕ್ಕೂ ಅದಕ್ಕೂ ಬಹಳ ಹೊಂದಾಣಿಕೆ ಇದೆ. ಆದರೆ ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಈಗ ಐಚ್ಛಿಕ ವಿಷಯವೇ ಇಲ್ಲ. ಅಂಕದ ಲೆಕ್ಕಕ್ಕೆ ಬರೋದು ಪ್ರಬಂಧ ಮತ್ತು ನಾಲ್ಕು ಸಾಮಾನ್ಯ ಅಧ್ಯಯನ ಪತ್ರಿಕೆ ಮಾತ್ರ. ಇದು ಗೊತ್ತಿಲ್ಲದೆ "ಕೆಎಎಸ್‌ಗೆ ಅನುಕೂಲ" ಅಂತ ಎಂಎ ಸೇರುವವರನ್ನು ಈಗಲೂ ನೋಡುತ್ತಿದ್ದೇನೆ.

ಹಳೇ ಹಾಸ್ಟೆಲ್

ಮೇಲಿನ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಹಾಸ್ಟೆಲ್ ಬೇಕು, ಲೈಬ್ರರಿ ಬೇಕು ಅಂತ ಎಂಎಗೆ ಸೇರುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅವರನ್ನು ಬೈಯಲ್ಲ. ಬಡತನದಲ್ಲಿ ಅದೂ ಒಂದು ದಾರಿ. ಆದರೆ ಅರ್ಧ ತರಗತಿ ಹೀಗೇ ಕೂತಿದ್ದಾಗ ಪಾಠ ಮಾಡುವವರಿಗೂ ಉತ್ಸಾಹ ಇಳಿಯುತ್ತದೆ, ನೋಟ್ಸ್ ಬರೆಸಿ ಮುಗಿಸುತ್ತಾರೆ. ನಿಜವಾದ ಆಸೆಯಿಂದ ಬಂದ ನಾಲ್ಕು ಜನರಿಗೆ ಅದರಿಂದ ನಷ್ಟ. ಕುಮದ್ವತಿ, ನೀವು ಎಲ್ಲೇ ಸೇರಿ, ಆ ನಾಲ್ಕು ಜನರನ್ನು ಮೊದಲ ತಿಂಗಳಲ್ಲೇ ಹುಡುಕಿಕೊಳ್ಳಿ.

ಕುಮದ್ವತಿ

ಕೊನೆಯ ಸೆಮಿಸ್ಟರಿನಲ್ಲಿ ಕಿರುಪ್ರಬಂಧ ಇರುತ್ತದೆ ಅಂತ ಕೇಳಿದ್ದೇನೆ. ಅದಕ್ಕೆ ಎಂಥ ವಿಷಯ ತೆಗೆದುಕೊಳ್ಳುತ್ತಾರೆ? ನಮ್ಮ ಕಾಲೇಜಿನಲ್ಲಿ ಯಾರಿಗೂ ಇದರ ಬಗ್ಗೆ ಹೇಳಲು ಗೊತ್ತಿಲ್ಲ.

ಹಳೇ ಹಾಸ್ಟೆಲ್

ನನಗೆ ಬಹಳ ಇಷ್ಟದ ಪ್ರಶ್ನೆ ಇದು. ಸ್ವಲ್ಪ ಉದ್ದ ಆಗುತ್ತದೆ.

ಎಂಎಯ ನಿಜವಾದ ಫಲ ಇರೋದು ಆ ಕಿರುಪ್ರಬಂಧದಲ್ಲಿ. ಉಳಿದ ಪತ್ರಿಕೆಗಳಲ್ಲಿ ಬೇರೆಯವರು ಕಂಡುಕೊಂಡದ್ದನ್ನು ಓದುತ್ತೀರಿ, ಇಲ್ಲಿ ನೀವೇ ಹೋಗಿ ಕಂಡುಕೊಳ್ಳುತ್ತೀರಿ. ಆದರೆ ಬಹಳ ಕಡೆ "ಭಾರತದ ವಿದೇಶಾಂಗ ನೀತಿ: ಒಂದು ಅಧ್ಯಯನ" ಅಂತ ವಿಷಯ ಇಟ್ಟುಕೊಂಡು ನಾಲ್ಕು ಪುಸ್ತಕದಿಂದ ಎತ್ತಿ ಬರೆದು ಬೈಂಡ್ ಮಾಡಿಸಿ ಕೊಡುತ್ತಾರೆ. ಅದು ಯಾರಿಗೂ ಬೇಡವಾದ ಪುಸ್ತಕ. ಹಾವೇರಿಯಲ್ಲಿ ಕೂತು ವಿದೇಶಾಂಗ ಸಚಿವಾಲಯದ ಕಡತ ನೋಡಲು ಆಗಲ್ಲ, ಹಾವೇರಿಯನ್ನು ನೋಡಬಹುದು.

ನಿಮ್ಮ ಸುತ್ತಲೇ ಎಷ್ಟು ಇದೆ ನೋಡಿ. 1980ರಲ್ಲಿ ನರಗುಂದ–ನವಲಗುಂದದಲ್ಲಿ ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದರು, ಗೋಲಿಬಾರ್ ಆಯಿತು, ಅದೇ ಬಿಸಿಯಲ್ಲಿ ರಾಜ್ಯ ರೈತ ಸಂಘ ಹುಟ್ಟಿತು. ಆ ಚಳವಳಿ ನೋಡಿದವರು ಇನ್ನೂ ಬದುಕಿದ್ದಾರೆ. 2008ರ ಜೂನ್‌ನಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ನಿಮ್ಮ ಹಾವೇರಿಯಲ್ಲೇ ಗೋಲಿಬಾರ್ ಆಯಿತು. ಈ ಎರಡರ ನಡುವೆ ರೈತ ರಾಜಕಾರಣಕ್ಕೆ ಏನಾಯಿತು? ಸಂಘಟನೆ ಯಾಕೆ ಒಡೆಯಿತು, ರೈತರ ಮತ ಎಲ್ಲಿಗೆ ಹೋಯಿತು? ಒಂದು ತಾಲ್ಲೂಕು ಹಿಡಿದರೂ ಸಾಕು.

ಪಂಚಾಯ್ತಿ ಇನ್ನೊಂದು ಗಣಿ. 1983ರ ಕಾಯ್ದೆ, ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬ್ ಅವರ ಕೆಲಸ, 1987ರ ಚುನಾವಣೆಯಲ್ಲಿ ಹೆಣ್ಣುಮಕ್ಕಳಿಗೆ ಶೇ. 25 ಮೀಸಲು. ದೇಶಕ್ಕೆ ಪಂಚಾಯ್ತಿಗಳ ಬಗ್ಗೆ ಸಂವಿಧಾನದ 73ನೇ ತಿದ್ದುಪಡಿ ಬರುವ ಮೊದಲೇ ನಾವು ಇಷ್ಟು ಮಾಡಿದ್ದೆವು. ಆಮೇಲೆ ಶೇ. 50 ಆಯಿತು. ಆದರೆ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳ ಕೈಯಲ್ಲಿ ನಡೆದವು. ಸದಸ್ಯರೇ ಇಲ್ಲದಾಗ ಹಳ್ಳಿಯ ಜನ ತಮ್ಮ ಅಹವಾಲು ಯಾರ ಹತ್ತಿರ ಒಯ್ದರು? ಶಾಸಕರ ಬಲ ಜಾಸ್ತಿ ಆಯಿತಾ? ಇದನ್ನು ಊರಿಗೆ ಹೋಗಿ ಕೇಳಿದವರು ಬಹಳ ಕಡಿಮೆ. ನೀವು ಕೇಳಿ.

ಅಂಕಿಅಂಶ ಬೇಕೆಂದರೆ ಚುನಾವಣಾ ಆಯೋಗದ ನಮೂನೆ 20 ಹುಡುಕಿ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಅಂತ ಅದರಲ್ಲಿ ಇರುತ್ತದೆ. ಒಂದು ಕ್ಷೇತ್ರದ ಎರಡು ಚುನಾವಣೆಯ ನಮೂನೆ 20 ಪಕ್ಕಪಕ್ಕ ಇಟ್ಟುಕೊಂಡು ಊರೂರು ತಿರುಗಿದರೆ ಟಿವಿಯಲ್ಲಿ ಹೇಳುವ ಜಾತಿ ಲೆಕ್ಕ ಎಷ್ಟು ತೆಳು ಅಂತ ನಿಮಗೇ ಕಾಣುತ್ತದೆ. ಹಳೆಯ ದಾಖಲೆಗೆ ರಾಜ್ಯ ಪತ್ರಾಗಾರ ಇದೆ. ಬೇರೆಯವರ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಅನ್ನೋ ಜಾಲತಾಣದಲ್ಲಿ ಇವೆ, ಕನ್ನಡದಲ್ಲಿ ಬರೆದವೂ ಇವೆ. ಚುನಾವಣೆಗಳನ್ನು ಅಧ್ಯಯನ ಮಾಡುವ ಲೋಕನೀತಿ ಸಂಸ್ಥೆಯವರು ಚುನಾವಣೆ ಹೊತ್ತಿಗೆ ಸಮೀಕ್ಷೆ ನಡೆಸುವಾಗ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳಿಸುತ್ತಾರೆ. ಅವಕಾಶ ಸಿಕ್ಕರೆ ಬಿಡಬೇಡಿ. ಗೊತ್ತಿಲ್ಲದವರ ಮನೆ ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳುವ ಧೈರ್ಯ ಯಾವ ತರಗತಿಯೂ ಕಲಿಸಲ್ಲ.

ಪಂಚಾಯ್ತಿ ಕಟ್ಟೆ

ಮೇಲಿನದನ್ನು ಓದಿ ಖುಷಿ ಆಯಿತು. ಒಂದು ವಿನಂತಿ. ಅಧ್ಯಯನಕ್ಕೆ ಅಂತ ಬರುವವರು ಪ್ರಶ್ನಾವಳಿ ತುಂಬಿಸಿಕೊಂಡು ಹೋಗಿಬಿಡುತ್ತಾರೆ. ಅಧ್ಯಕ್ಷೆಯನ್ನು ಕೇಳಬೇಕಾದ್ದನ್ನು ಗಂಡನಿಗೆ ಕೇಳುತ್ತಾರೆ. ಗ್ರಾಮಸಭೆ ನಡೆಯುವ ದಿನ ಬಂದು ಸುಮ್ನೆ ಕೂತು ನೋಡಿ. ಯಾರು ಮುಂದೆ ಕೂರುತ್ತಾರೆ, ಯಾರು ಬಾಗಿಲ ಹೊರಗೆ ನಿಲ್ಲುತ್ತಾರೆ, ಯಾರ ಹೆಸರು ಫಲಾನುಭವಿಗಳ ಪಟ್ಟಿಗೆ ಕೂಡಲೇ ಸೇರುತ್ತದೆ, ಎಲ್ಲ ಕಣ್ಣೆದುರಿಗೆ ಇರುತ್ತದೆ.

ಮುನಿರ್ಕಾ ಮಹಡಿ

ಇದನ್ನೆಲ್ಲ ಒಪ್ಪುತ್ತೇನೆ, ಒಂದನ್ನು ಬಿಟ್ಟು. ಕಿರುಪ್ರಬಂಧ ಇಂಗ್ಲಿಷಿನಲ್ಲೇ ಬರೆಯಿರಿ. ಕನ್ನಡದಲ್ಲಿ ಬರೆದರೆ ಹೊರಗಿನ ಪಿಎಚ್‌ಡಿ ಸಂದರ್ಶನದಲ್ಲಿ ತೋರಿಸಲು ಏನೂ ಇರಲ್ಲ. ನೆಟ್ ಕೂಡ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಬರುತ್ತದೆ.

ಅತಿಥಿ

ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ನನ್ನ ತರಗತಿಯಲ್ಲಿ ಕೂರುವ ಮಕ್ಕಳಲ್ಲಿ ಹೆಚ್ಚಿನವರು ಕನ್ನಡದಲ್ಲೇ ಓದುವವರು. ಅವರಿಗೆ ಕೊಡಲು ಒಳ್ಳೆಯ ಪುಸ್ತಕ ಹುಡುಕಿದರೆ ಗೈಡುಗಳೇ ಸಿಗುತ್ತವೆ. ಓದಿದವರೆಲ್ಲ ಇಂಗ್ಲಿಷಿನಲ್ಲೇ ಬರೆದುಕೊಂಡು ಹೋದರೆ ಈ ಮಕ್ಕಳು ಏನು ಓದಬೇಕು? ರೈತರು ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದಿಟ್ಟರೆ ಆ ರೈತನ ಮಗಳಿಗೇ ಅದು ಓದಲು ಬರಲ್ಲ.

ಓದೋದು ಎರಡರಲ್ಲೂ ಓದಲಿ. ಇಂಗ್ಲಿಷ್ ಓದದೆ ಈ ವಿಷಯದಲ್ಲಿ ಮುಂದೆ ಹೋಗಲು ಆಗಲ್ಲ, ಅದು ಸತ್ಯ. ದಿನಕ್ಕೆ ಎರಡು ಪುಟ, ನಿಘಂಟು ಪಕ್ಕಕ್ಕಿಟ್ಟುಕೊಂಡು. ಆದರೆ ಯೋಚನೆ ಗಟ್ಟಿಯಾಗಬೇಕಾದರೆ ಮೊದಲು ನಮ್ಮ ಮಾತಿನಲ್ಲಿ ಬರೆಯಬೇಕು.

ಮುನಿರ್ಕಾ ಮಹಡಿ

ನಿಮ್ಮ ಮಾತಿನಲ್ಲಿ ಹುರುಳಿದೆ. ಹಾಗಾದರೆ ಹೀಗೆ ಮಾಡಬಹುದು. ಕಿರುಪ್ರಬಂಧ ಕನ್ನಡದಲ್ಲಿ ಬರೆದು, ಅದರ ಮುಖ್ಯ ಅಧ್ಯಾಯವನ್ನು ಹತ್ತು ಹನ್ನೆರಡು ಪುಟದ ಲೇಖನವಾಗಿ ಇಂಗ್ಲಿಷಿನಲ್ಲೂ ಬರೆದಿಟ್ಟುಕೊಳ್ಳಲಿ. ಪಿಎಚ್‌ಡಿ ಸಂದರ್ಶನಕ್ಕೆ ಅದು ಸಾಕಾಗುತ್ತದೆ. 2024ರಿಂದ ಪಿಎಚ್‌ಡಿ ಪ್ರವೇಶಕ್ಕೂ ನೆಟ್ ಅಂಕ ಬಳಸುತ್ತಿದ್ದಾರೆ, ಆದ್ದರಿಂದ ನೆಟ್ ತಯಾರಿ ಹೇಗೂ ಬೇಕೇ ಬೇಕು. ಬೆಂಗಳೂರಿನ ಸಂಶೋಧನಾ ಸಂಸ್ಥೆ ಐಸೆಕ್‌ನಲ್ಲೂ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ) ರಾಜ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಬಹುದು, ನಮ್ಮ ರಾಜ್ಯದ ವಿಷಯ ಹಿಡಿದವರಿಗೆ ಅದು ಒಳ್ಳೆಯ ಜಾಗ.

ಹಳೇ ಹಾಸ್ಟೆಲ್

ದುಡ್ಡಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ರಾಜ್ಯದ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರವೇಶಕ್ಕೆ ಯುಯುಸಿಎಂಎಸ್ ಅನ್ನೋ ಸರ್ಕಾರಿ ಜಾಲತಾಣದಲ್ಲಿ ಅರ್ಜಿ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಅಂದರೆ ರಾಜ್ಯದ ವಿದ್ಯಾರ್ಥಿವೇತನ ಜಾಲತಾಣ. ಆಧಾರ್, ಬ್ಯಾಂಕ್ ಖಾತೆ, ಜಾತಿ–ಆದಾಯ ಪ್ರಮಾಣಪತ್ರದಲ್ಲಿ ಹೆಸರು ಒಂದೇ ಥರ ಇರಲಿ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಈಗಲೇ ಹೊಸದು ಮಾಡಿಸಿ. ವಿಶ್ವವಿದ್ಯಾಲಯದ ಹಾಸ್ಟೆಲ್ ಸಿಗದಿದ್ದರೆ ಹಿಂದುಳಿದ ವರ್ಗಗಳ, ಸಮಾಜ ಕಲ್ಯಾಣ ಇಲಾಖೆಯ ಸ್ನಾತಕೋತ್ತರ ಹಾಸ್ಟೆಲ್‌ಗಳು ಇವೆ. ಅಲ್ಲೂ ಸಿಗದವರಿಗೆ ಊಟ, ವಸತಿಗೆ ನೆರವು ಕೊಡುವ ವಿದ್ಯಾಸಿರಿ ಯೋಜನೆ.

ಕುಮದ್ವತಿ

ನಿನ್ನೆ ರಾತ್ರಿ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ನರಗುಂದದ ಮಾತು ಬಂದಾಗ ಅಪ್ಪ ತಮ್ಮ ಸೋದರಮಾವ ಆ ಮೆರವಣಿಗೆಯಲ್ಲಿ ಇದ್ದದ್ದನ್ನು ಹೇಳಿದರು. ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಎಂಎಗೆ ಒಪ್ಪಿದ್ದಾರೆ. ಆದರೆ ಮುಗಿದ ಕೂಡಲೇ ಬಿ.ಎಡ್ ಮಾಡಬೇಕು ಅಂತ ಹೇಳಿದ್ದಾರೆ, ಅದಕ್ಕೆ ನಾನೂ ಹೂಂ ಅಂದಿದ್ದೇನೆ.

ಧಾರವಾಡಕ್ಕೆ ಅರ್ಜಿ ಹಾಕುತ್ತೇನೆ. ಸಿಯುಇಟಿಯನ್ನೂ ಬರೆಯುತ್ತೇನೆ, ಹೈದರಾಬಾದ್ ಮತ್ತು ಪೆರಿಯಕ್ಕೆ. ದೆಹಲಿಗೆ ಈಗ ಕಳಿಸಲ್ಲ ಅಂದಿದ್ದಾರೆ. ಕಿರುಪ್ರಬಂಧ ಕನ್ನಡದಲ್ಲೇ ಬರೆಯುತ್ತೇನೆ. ಸಿಯುಇಟಿಗೆ ಓದಲು ಎಲ್ಲಿಂದ ಶುರು ಮಾಡಲಿ?

ಮುನಿರ್ಕಾ ಮಹಡಿ

ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ ರಾಜ್ಯಶಾಸ್ತ್ರ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಓದಿ ಮುಗಿಸಿ, ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ವಿಷಯ ನಿಮಗೆ ಕನ್ನಡದಲ್ಲಿ ಗೊತ್ತಿರೋದೇ, ಹಾಗಾಗಿ ಭಾಷೆ ಬೇಗ ಹಿಡಿತಕ್ಕೆ ಬರುತ್ತದೆ. ಆಮೇಲೆ ಇಗ್ನೋದ ರಾಜಕೀಯ ಸಿದ್ಧಾಂತದ ಪಾಠ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ, ತಪ್ಪಿಗೆ ಅಂಕ ಕಳೆಯುವುದರಿಂದ ಗೊತ್ತಿಲ್ಲದ್ದನ್ನು ಬಿಡುವ ಅಭ್ಯಾಸವೂ ಬೇಕು. ಎಲ್ಲಿ ಸಿಕ್ಕಿಕೊಂಡರೂ ಇಲ್ಲೇ ಕೇಳಿ, ನಾನು ಭಾನುವಾರ ನೋಡುತ್ತೇನೆ.

ಹಳೇ ಹಾಸ್ಟೆಲ್

ಅಪ್ಪನ ಸೋದರಮಾವ ಇನ್ನೂ ಇದ್ದರೆ ಎಂಎ ಸೇರುವ ತನಕ ಕಾಯಬೇಡಿ. ಈ ರಜೆಯಲ್ಲೇ ಹೋಗಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅವರ ಒಪ್ಪಿಗೆ ಕೇಳಿ. ಊರು, ವರ್ಷ, ಜೊತೆಗಿದ್ದವರ ಹೆಸರು ಎಲ್ಲ ಬರೆದಿಡಿ. ಯಾವ ಪ್ರಶ್ನೆ ಕೇಳಬೇಕು ಅನ್ನೋ ಪಟ್ಟಿ ಬೇಕಾದರೆ ನಾನು ಮಾಡಿಕೊಡುತ್ತೇನೆ.